ವೈದ್ಯರ ಚೀಟಿಯೂ ಹಾಜರಿ ಪುಸ್ತಕವೂ

ಬೆಳಗಿನ ಹೊತ್ತು ತುಮಕೂರಿನ ರೈಲು ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿದರೆ ಸಾಕು, ಈ ಸೀಮೆ ಹೇಗೆ ಬದುಕುತ್ತಿದೆಯೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಗುಬ್ಬಿ, ನಿಟ್ಟೂರಿನ ಕಡೆಯಿಂದ ಬಂದ ಗಾಡಿಯನ್ನು ಊಟದ ಡಬ್ಬಿ ಹಿಡಿದ ಜನ ಮುತ್ತುತ್ತಾರೆ. ಎಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರಬೇಕಾದವರು ಅವರು. ಅದೇ ಹೊತ್ತಿಗೆ ಕುಣಿಗಲ್ಲಿನ ಹೆದ್ದಾರಿಯ ಬದಿಯಲ್ಲಿ ಹೆಂಗಸರು ಕಾರ್ಖಾನೆಯ ಬಸ್ಸಿಗೆ ಕಾಯುತ್ತಿರುತ್ತಾರೆ. ತುಮಕೂರಿನ ಬೀದಿಗಳಲ್ಲಿ ಪೌರಕಾರ್ಮಿಕರು ಆಗಲೇ ಅರ್ಧ ಕೆಲಸ ಮುಗಿಸಿರುತ್ತಾರೆ. ಇವರಲ್ಲಿ ಎಷ್ಟೋ ಮಂದಿಯ ಡಬ್ಬಿಯ ಪಕ್ಕದಲ್ಲಿ, ಮಡಿಸಿದ ಕಾಗದದೊಳಗೆ, ಊಟಕ್ಕೆ ಮುಂಚೆ ನುಂಗುವ ಒಂದು ಮಾತ್ರೆಯಿರುತ್ತದೆ. ಅದನ್ನು ಅವರು ಮೇಸ್ತ್ರಿಗೆ ಕಾಣದಂತೆ ನುಂಗುತ್ತಾರೆ.

ಸಕ್ಕರೆ ಕಾಯಿಲೆ ಕುಳಿತು ತಿನ್ನುವ ಸಿರಿವಂತರ ಕಾಯಿಲೆಯೆಂಬ ಮಾತು ಹಿಂದೊಮ್ಮೆ ರೂಢಿಯಲ್ಲಿತ್ತು. ಈಗ ಹಾಗೆನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ರಾಗಿ ಮುದ್ದೆ ಉಣ್ಣುವ ನಮ್ಮ ಜಿಲ್ಲೆಗೆ ಈ ಪೀಡೆ ಬಾರದೆಂಬ ನಂಬಿಕೆಯೂ ಹುಸಿ. ಮುದ್ದೆಯ ಗಾತ್ರ ದೊಡ್ಡದಾದರೆ ರಾಗಿಯೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಕ್ಯಾತಸಂದ್ರದ ತಟ್ಟೆ ಇಡ್ಲಿಯ ವಿಷಯ ಹೇಳುವುದೇ ಬೇಡ.

ಕಾಯಿಲೆಯನ್ನು ಮುಚ್ಚಿಡುವ ಈ ಅಭ್ಯಾಸಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದು 2020ರಲ್ಲಿ ಗೊತ್ತಾಯಿತು. ಆ ವರ್ಷದ ಮಾರ್ಚ್ 27ರಂದು ಶಿರಾದ ಹಿರಿಯರೊಬ್ಬರು ತುಮಕೂರಿನಲ್ಲಿ ತೀರಿಕೊಂಡರು. ಕೋವಿಡ್‌ನಿಂದ ಜಿಲ್ಲೆಯಲ್ಲಾದ ಮೊದಲ ಸಾವು ಅದು. ರೈಲುಗಳು ಅದಕ್ಕೆ ಮೊದಲೇ ನಿಂತಿದ್ದವು. ಮಧುಮೇಹವಿದ್ದವರಿಗೆ ಈ ಜ್ವರ ಬಂದರೆ ಕಠಿಣವಾಗುವ ಸಂಭವ ಹೆಚ್ಚೆಂಬ ಸಂಗತಿ ಕೆಲವೇ ವಾರಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಅದೇಕೆಂಬುದನ್ನು ಸ್ವಲ್ಪದರಲ್ಲಿ ತಿಳಿಯಬಹುದು. ಸಕ್ಕರೆ ಬಹುಕಾಲ ಮಿತಿಮೀರಿದ್ದ ರಕ್ತದಲ್ಲಿ ರೋಗಾಣುಗಳೊಡನೆ ಕಾದಾಡುವ ಬಿಳಿಯ ಕಣಗಳು ಮಂದವಾಗುತ್ತವೆ. ಸೋಂಕು ತಗುಲಿದೊಡನೆ ದೇಹವು ಆಪತ್ಕಾಲದ ರಸಗಳನ್ನು ಸುರಿಸುತ್ತದೆ. ಅವು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಉಸಿರು ಕಟ್ಟಿದ ರೋಗಿಯ ಪ್ರಾಣವುಳಿಸುವ ಸ್ಟೀರಾಯ್ಡ್ ಔಷಧವೂ ಅದೇ ಕೆಲಸ ಮಾಡುತ್ತದೆ. ಹೀಗೆ ರೋಗವು ಸಕ್ಕರೆಯನ್ನೂ ಸಕ್ಕರೆಯು ರೋಗವನ್ನೂ ಬೆಳೆಸುತ್ತ ಹೋಗುತ್ತವೆ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರವೆಂಬ ಹೆಸರಿನಿಂದ ನಾಡನ್ನು ನಡುಗಿಸಿದ ರೋಗವು ಮೂಗು, ಕಣ್ಣುಗಳನ್ನು ಹಿಡಿದದ್ದು ಬಹುಮಟ್ಟಿಗೆ ಇಂಥವರನ್ನೇ: ಸಕ್ಕರೆ ಹತೋಟಿಯಲ್ಲಿಲ್ಲದೆ ಸ್ಟೀರಾಯ್ಡ್ ಪಡೆದವರನ್ನು.

ಇಷ್ಟು ವೈದ್ಯರ ಮಾತು. ಆದರೆ ಅಪಾಯವಿದೆಯೆಂದು ಬಲ್ಲ ಮೇಲೆ ಕೆಲಸದ ಸ್ಥಳದಲ್ಲಿ ಆ ಮನುಷ್ಯನಿಗೆ ಸಿಕ್ಕ ಹಕ್ಕು ಯಾವುದು?

ಸರ್ಕಾರದ ಕಾಗದಗಳು

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು, ಬಾಗಿಲು ಮುಚ್ಚಿದ ಕಾಲಕ್ಕೂ ಮಾಲೀಕರು ಕಡಿತವಿಲ್ಲದೆ ಕೂಲಿ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಮೇ 17ರಂದು ಹೊರಟ ಹೊಸ ಆಜ್ಞೆಯಲ್ಲಿ, ಮಧುಮೇಹದಂತಹ ಕಾಯಿಲೆಯಿದ್ದವರು ಅಗತ್ಯದ ಕೆಲಸಕ್ಕೂ ಚಿಕಿತ್ಸೆಗೂ ಹೊರತು ಮನೆಯಲ್ಲಿಯೇ ಇರತಕ್ಕದ್ದೆಂದು ಹೇಳಿತ್ತು. ಸೋಜಿಗವೆಂದರೆ, ಕೂಲಿಯ ಆಜ್ಞೆ ಮರುದಿನದಿಂದ ಬಿದ್ದುಹೋದದ್ದೂ ಈ ಕಾಗದದಿಂದಲೇ! ಮನೆಯಲ್ಲಿರಬೇಕು, ಆದರೆ ಮನೆಯಲ್ಲಿದ್ದರೆ ಕೂಲಿ ಬಂದೇ ತೀರುತ್ತದೆಂಬ ಭರವಸೆಯಿಲ್ಲ. ಮೇ 30ರ ಆಜ್ಞೆಯ ಹೊತ್ತಿಗೆ ಆ ‘ಇರತಕ್ಕದ್ದು’ ಎಂಬುದೂ ಕರಗಿ ‘ಇರುವಂತೆ ಸಲಹೆ’ ಎಂದಾಯಿತು. ಸಲಹೆಯನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವವರು ಯಾರು?

ಆ ನಡುವೆ ನಮ್ಮ ರಾಜ್ಯದಲ್ಲಿ ಇನ್ನೊಂದು ನಡೆಯಿತು. ಮೇ 22ರ ಅಧಿಸೂಚನೆಯು ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆಯವರೆಗೆ ಏರಿಸಲು ಅವಕಾಶ ಕೊಟ್ಟಿತು. ಹೈಕೋರ್ಟಿನಲ್ಲಿ ಪ್ರಶ್ನೆಯೆದ್ದ ಮೇಲೆ ಜೂನ್ 11ರಂದು ಸರ್ಕಾರವೇ ಅದನ್ನು ಹಿಂದೆಗೆದುಕೊಂಡಿತು. ಇಪ್ಪತ್ತು ದಿನದ ಮಾತು ತಾನೇ ಎನ್ನಬಹುದು. ಮಾತ್ರೆ ನುಂಗಿ ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಊಟ ಒಂದು ಗಂಟೆ ತಡವಾದರೆ ಏನಾಗುತ್ತದೆಂದು ಬಲ್ಲವರು ಹಾಗೆನ್ನಲಾರರು. ಸಕ್ಕರೆ ಕುಸಿಯುತ್ತದೆ, ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಗಂಡಸಾದರೆ ಕುಡಿದು ಬಂದನೆಂದು ಬೈಗಳನ್ನೂ ತಿನ್ನಬೇಕಾದೀತು. ಆ ಕ್ಷಣದಲ್ಲಿ ಬೇಕಾಗುವುದು ಮೂರು ಚಮಚ ಸಕ್ಕರೆ, ಒಂದು ಲೋಟ ನೀರು, ಕಾಲು ಗಂಟೆಯ ವಿಶ್ರಾಂತಿ; ಅಷ್ಟೆ. ಸಕ್ಕರೆ ಏರಿದಾಗಿನ ಕಷ್ಟ ಬೇರೆ. ಬಾಯಾರಿಕೆ, ಪದೇ ಪದೇ ಮೂತ್ರ. ಎದ್ದು ಹೋಗಲು ಒಪ್ಪಿಗೆ ಬೇಡಬೇಕಾದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಆ ದಿನಗಳಲ್ಲಿ ನೀರು ಇನ್ನೂ ಕಡಿಮೆಯಾಯಿತು.

ಇಷ್ಟರಲ್ಲಿ ಒಂದು ವರ್ಗಕ್ಕೆ ಮಾತ್ರ ತುಸು ನೆರಳು ಸಿಕ್ಕಿತು. ಮೇ 19ರಂದು ಕೇಂದ್ರದ ಸಿಬ್ಬಂದಿ ಇಲಾಖೆಯು, ಇಂತಹ ಕಾಯಿಲೆಗೆ ಲಾಕ್‌ಡೌನ್‌ಗೆ ಮೊದಲಿನಿಂದಲೂ ಚಿಕಿತ್ಸೆ ಪಡೆಯುತ್ತಿದ್ದ ತನ್ನ ನೌಕರರನ್ನು, ವೈದ್ಯರ ಚೀಟಿ ತೋರಿಸಿದರೆ, ಸಾಧ್ಯವಾದ ಮಟ್ಟಿಗೆ ಸರದಿಯ ಹಾಜರಿಯಿಂದ ಬಿಡಬಹುದೆಂದಿತು. ಜೂನ್ 4ರಂದು ಆರೋಗ್ಯ ಸಚಿವಾಲಯವು ಕಚೇರಿಗಳಿಗೆ ಬರೆದ ಸೂಚನೆಯಲ್ಲಿ, ಇಂಥವರನ್ನು ಜನರೊಡನೆ ನೇರ ಒಡನಾಟವಿರುವ ಮುಂಚೂಣಿಯ ಕೆಲಸಕ್ಕೆ ಹಾಕದಿರುವುದು ಮೇಲೆಂದಿತು. ಒಳ್ಳೆಯ ಮಾತುಗಳೇ. ಆದರೆ ಗುಬ್ಬಿಯ ಅಂಗಡಿಯೊಂದರ ಲೆಕ್ಕದವನಿಗೆ ಹಾಜರಿಯ ಸರದಿಯೆಲ್ಲಿಯದು? ಬೀದಿ ಗುಡಿಸುವವರ ಕೆಲಸವೆಲ್ಲವೂ ಮುಂಚೂಣಿಯದೇ. ಬೂಟಿನೊಳಗೆ ಕಾಲಿಗೆ ಗಾಯವಾದರೂ ಅರಿವಾಗದ ಮಧುಮೇಹಿಗೆ ಆ ಕೆಲಸ ಸಾಂಕ್ರಾಮಿಕವಿಲ್ಲದ ಕಾಲದಲ್ಲಿಯೂ ಅಪಾಯವೇ.

ಕೆಟ್ಟ ಮೇಲೆ ಗುರುತು

ಕಾನೂನುಗಳನ್ನು ಮುಂದಿಟ್ಟುಕೊಂಡು ನೋಡುತ್ತ ಹೋದಂತೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಮಧುಮೇಹವನ್ನು ಹತೋಟಿಯಲ್ಲಿಟ್ಟುಕೊಂಡು ದುಡಿಯುತ್ತಿರುವವನನ್ನು ಅವು ಹೆಚ್ಚುಕಡಮೆ ಕಾಣುವುದೇ ಇಲ್ಲ. ಕಾಯಿಲೆಯು ಅವನನ್ನು ಕೆಡಿಸಿದ ಮೇಲೆ ಕಾಣುತ್ತವೆ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಎಣಿಸುತ್ತದೆ. ಮಧುಮೇಹ ಅದರಲ್ಲಿಲ್ಲ. ಮಧುಮೇಹದಿಂದ ದೃಷ್ಟಿ ಹೋದರೆ, ಕಾಲು ಕತ್ತರಿಸಬೇಕಾಗಿ ಬಂದರೆ, ಆಗ ಕಾಯಿದೆಯ ಬಾಗಿಲು ತೆರೆಯುತ್ತದೆ. ಸೇವೆಯಲ್ಲಿರುವಾಗ ಹೀಗಾದವರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ. ನೌಕರರ ರಾಜ್ಯ ವಿಮಾ ಯೋಜನೆ, ಎಂದರೆ ನಮ್ಮ ಕಾರ್ಮಿಕರ ಬಾಯಲ್ಲಿ ಇ.ಎಸ್.ಐ., ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ ಎಪ್ಪತ್ತು ಭಾಗವನ್ನು ಕೊಡುತ್ತ ಬಂದಿದೆ. ದೀರ್ಘ ಕಾಲದ 34 ರೋಗಗಳಿಗೆ ನೂರಕ್ಕೆ ಎಂಬತ್ತರಂತೆ ಎರಡು ವರ್ಷದವರೆಗೂ ಉಂಟು. ಆ ಪಟ್ಟಿಯಲ್ಲಿ ಮಧುಮೇಹದ ಹೆಸರೇನೋ ಇದೆ. ಆದರೆ ಅದು ಕಣ್ಣಿನ ಪರೆಯನ್ನೋ ಪಾದವನ್ನೋ ಮೂತ್ರಪಿಂಡವನ್ನೋ ಹಾಳುಮಾಡಿದ್ದರೆ ಮಾತ್ರ.

ಲಸಿಕೆಯ ಸಾಲಿನಲ್ಲಿಯೂ ಇದೇ ನ್ಯಾಯ. 2021ರ ಮಾರ್ಚ್ 1ರಿಂದ, 45 ದಾಟಿ 60 ತುಂಬದವರಲ್ಲಿ ಬೇರೆ ಕಾಯಿಲೆಯಿದ್ದವರಿಗೆ ಮೊದಲು ಕೊಡುವುದೆಂದಾಯಿತು. ಆದರೆ ಮಧುಮೇಹವು ಹತ್ತು ವರ್ಷಕ್ಕೂ ಹಳೆಯದಾಗಿರಬೇಕು, ಇಲ್ಲವೆ ತೊಡಕು ತಂದಿರಬೇಕು; ಸಾಲದ್ದಕ್ಕೆ ರಕ್ತದೊತ್ತಡಕ್ಕೂ ಚಿಕಿತ್ಸೆ ನಡೆಯುತ್ತಿರಬೇಕು. ಒಂಬತ್ತು ವರ್ಷದ ಮಧುಮೇಹಿಗೆ ಸೋಂಕು ರಿಯಾಯಿತಿ ತೋರಿಸುವುದೆಂದು ಯಾರಾದರೂ ಬಲ್ಲರೆ? ಒಂದು ತಿಂಗಳು ಕಳೆದು, ಏಪ್ರಿಲ್ 1ರಿಂದ, 45 ದಾಟಿದ ಎಲ್ಲರಿಗೂ ಲಸಿಕೆ ದೊರೆಯಿತು.

ಶಾಲೆಯ ಮಕ್ಕಳ ಪಾಡು ಇದಕ್ಕಿಂತ ವಾಸಿ. ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯು 2017ರಿಂದಲೇ ಮೊದಲ ಬಗೆಯ ಮಧುಮೇಹವಿರುವ ಮಕ್ಕಳಿಗೆ ಪರೀಕ್ಷೆಯ ಕೊಠಡಿಯೊಳಕ್ಕೆ ತಿಂಡಿ, ಸಿಹಿ ಒಯ್ಯಲು ಅನುಮತಿ ಕೊಟ್ಟಿದೆ. ಹೊಲಿಗೆಯ ಸಾಲಿನಲ್ಲಿ ಕುಳಿತವಳ ಜೇಬಿನ ಬೆಲ್ಲದ ಚೂರಿಗೆ ಅಂತಹ ಕಾಗದವಿಲ್ಲ.

ಇನ್ನು ಕಾಯಿಲೆಯನ್ನು ಮುಚ್ಚಿಡುವುದೇಕೆ? ಭಯ ನಿರಾಧಾರವಲ್ಲ. 2020ರಲ್ಲಿ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ‘ಮುಂದುವರಿದ ಅನಾರೋಗ್ಯ’ದ ಕಾರಣದಿಂದ ಕೆಲಸಗಾರನನ್ನು ತೆಗೆದರೆ ಅದನ್ನು ರಿಟ್ರೆಂಚ್‌ಮೆಂಟ್ ಎಂದೇ ಎಣಿಸುತ್ತಿರಲಿಲ್ಲ, ಎಣಿಸದಿದ್ದರೆ ಅದಕ್ಕೆ ಸಲ್ಲುವ ಪರಿಹಾರವೂ ಇಲ್ಲ. ಇದಕ್ಕೆ ಎದುರಾಗಿ ನಿಂತಿದ್ದ ಗುರಾಣಿ 1948ರ ಇ.ಎಸ್.ಐ. ಕಾಯಿದೆಯ 73ನೆಯ ಕಲಮು. ಕಾಯಿಲೆಯ ಭತ್ಯ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ವಜಾ ಮಾಡುವಂತಿಲ್ಲ, ದಂಡಿಸುವಂತಿಲ್ಲವೆಂದು ಅದು ಹೇಳುತ್ತಿತ್ತು. ಆ ಗುರಾಣಿಯನ್ನು ಹಿಡಿಯಬೇಕಾದರೆ ಕಾಯಿಲೆಯು ಕಾಗದದ ಮೇಲೆ ಇರಲೇಬೇಕು. ಮುಚ್ಚಿಟ್ಟವನಿಗೆ ಅದು ದಕ್ಕಲಿಲ್ಲ. 2025ರ ನವೆಂಬರ್ 21ರಂದು ಈ ಹಳೆಯ ಕಾಯಿದೆಗಳ ಸ್ಥಾನಕ್ಕೆ ಹೊಸ ಸಂಹಿತೆಗಳು ಬಂದಿವೆ. ಹೆಸರು ಬದಲಾದರೂ ಹಕ್ಕು ಕೇಳಲು ಹೋದವನ ಕೈಯಲ್ಲಿ ಚೀಟಿ ಇರಬೇಕೆಂಬುದು ಬದಲಾಗಿಲ್ಲ.

ಆದುದರಿಂದ ತುಮಕೂರಿನವರಾಗಲಿ, ಗುಬ್ಬಿ ಕುಣಿಗಲ್ಲಿನವರಾಗಲಿ, ಮೊದಲು ಮಾಡತಕ್ಕದ್ದು ಇಷ್ಟು. ಮೂವತ್ತು ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ನೋಡಿಸಿಕೊಂಡು ಬರೆಸಿಕೊಳ್ಳಲಿ. ಕಾಯಿಲೆಯಿದ್ದವರು ಕೆಲಸದ ವೇಳೆ, ಊಟದ ವಿರಾಮ, ಇನ್ಸುಲಿನ್ ಇಡುವ ತಂಪಾದ ಜಾಗ, ಇವುಗಳನ್ನು ಬಾಯಲ್ಲಿ ಬೇಡದೆ ಕಾಗದದಲ್ಲಿ ಬರೆದು ಕೇಳಿ, ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಲಿ. ಜೊತೆಗೆ ದುಡಿಯುವ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಕೈ ನಡುಗಿದಾಗ ಸಕ್ಕರೆ ತಂದುಕೊಡಬೇಕಾದವರು ಅವರೇ. ಜ್ವರ ಬಂದ ದಿನ ಊಟ ಸೇರದೆಂದು ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ತಾವಾಗಿಯೇ ನಿಲ್ಲಿಸಬಾರದು. ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಬೇಕು.

ಹಳೆಯ ಚೀಟಿಗಳನ್ನು ಯಾರೂ ಎಸೆಯದಿರಲಿ. 2020ರ ಮೇ ತಿಂಗಳಲ್ಲಿ ಕೇಂದ್ರದ ನೌಕರನಿಗೆ ವಿನಾಯಿತಿ ತಂದುಕೊಟ್ಟದ್ದು ಚೀಟಿಯ ಮೇಲಿನ ತಾರೀಖು: ಅದು ಮಾರ್ಚ್ 24ಕ್ಕೆ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡುತ್ತಿದ್ದರು. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಹಾಕಿಡುವ ಪ್ಲಾಸ್ಟಿಕ್ ಚೀಲದಲ್ಲಿಯೇ ಇದಕ್ಕೂ ಜಾಗವಿದೆ.