ಹೂ ಕಟ್ಟುವ ಕೈಗೆ ಜಪಸರ

ಮನೆಯ ಕೆಲಸಗಳಲ್ಲಿ ಎರಡು ಬಗೆ. ಮುಂದೂಡಿದರೆ ಒಡನೆಯೇ ದೂರು ಹೇಳುವ ಕೆಲಸಗಳು ಕೆಲವು. ಎಷ್ಟು ಕಾಲ ಮುಂದೂಡಿದರೂ ತುಟಿ ಬಿಚ್ಚದ ಕೆಲಸಗಳು ಮತ್ತೆ ಕೆಲವು. ಒಲೆಯ ಮೇಲಿನ ಹಾಲನ್ನು ಮರೆತರೆ ಅದು ಉಕ್ಕಿ ತನ್ನ ಕೋಪವನ್ನು ತೋರಿಸುತ್ತದೆ. ತನ್ನ ಹಸಿವನ್ನು ತಾಯಿ ಮರೆಯಲೆಂದು ಸುಮ್ಮನಿರುವ ಮಗು ಇನ್ನೂ ಹುಟ್ಟಿಲ್ಲ. ಕಚೇರಿಯ ಗಡಿಯಾರವಂತೂ ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಲ್ಲ. ಆದರೆ ದೇವರ ಪ್ರಾರ್ಥನೆ? ಇಂದು ತಪ್ಪಿದರೆ ನಾಳೆ ಎನ್ನಬಹುದು. ನಾಳೆಯೂ ತಪ್ಪಿದರೆ ಭಾನುವಾರ ಎನ್ನಬಹುದು. ಕೇಳುವವರಿಲ್ಲ. ದೇವರ ತಾಳ್ಮೆ ದೊಡ್ಡದಾದುದರಿಂದಲೇ ಅವನ ಪಾಲಿನ ಹೊತ್ತು ದಿನದಿಂದ ದಿನಕ್ಕೆ ಕಿರಿದಾಗುತ್ತದೆ.

“ಭಕ್ತಿ ಇಲ್ಲವೆಂದಲ್ಲ, ಬಿಡುವಿಲ್ಲ” ಎಂಬುದು ಇಂದು ಎಲ್ಲ ಮತದವರ ಮನೆಗಳಲ್ಲೂ ಕೇಳಿಬರುವ ಮಾತು. ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಈ ಮಾತಿಗೆ ಒಂದು ವಿಶೇಷವಾದ ನೋವು ಅಂಟಿಕೊಂಡಿದೆ. ಏಕೆಂದರೆ ಅಲ್ಲಿ ದಿನದ ಪ್ರಾರ್ಥನೆ ಒಬ್ಬೊಬ್ಬರ ಖಾಸಗಿ ವಿಷಯವಾಗಿರಲಿಲ್ಲ. ಇಡೀ ಮನೆ ಒಂದಾಗಿ ಮೊಣಕಾಲೂರುವ ಹೊತ್ತಾಗಿತ್ತು. ಆ ಹೊತ್ತು ಹೋದರೆ ಪ್ರಾರ್ಥನೆಯ ಜೊತೆಗೆ ಮನೆಯವರು ಒಬ್ಬರ ಮುಖವನ್ನೊಬ್ಬರು ಕಾಣುವ ಒಂದು ಗಳಿಗೆಯೂ ಹೋಗುತ್ತದೆ.

ಮಲ್ಲಿಗೆಯ ಊರಿನಲ್ಲಿ

ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿ ಇನ್ನಂಜೆ ಎಂಬ ಗ್ರಾಮವುಂಟು. ಕೊಂಕಣ ರೈಲಿನಲ್ಲಿ ಮಂಗಳೂರಿನಿಂದ ಉಡುಪಿಗೆ ಪ್ರಯಾಣ ಮಾಡುವವರು ಆ ಹೆಸರಿನ ಪುಟ್ಟ ನಿಲ್ದಾಣವನ್ನು ಕಂಡಿರಬಹುದು. ಅದಕ್ಕೆ ತಾಗಿಕೊಂಡಂತಿರುವುದೇ ಶಂಕರಪುರ. ನಮ್ಮ ನಾಡಿನ ಹೆಂಗಳೆಯರ ಮುಡಿಗೆ, ಮದುವೆಯ ಚಪ್ಪರಕ್ಕೆ, ನಾಗಬನಕ್ಕೆ, ದೈವಗಳ ಕೋಲಕ್ಕೆ ಹೋಗುವ ಹೆಸರಾಂತ ಶಂಕರಪುರ ಮಲ್ಲಿಗೆ ಬೆಳೆಯುವುದು ಈ ಊರುಗಳ ಹಿತ್ತಿಲುಗಳಲ್ಲಿ. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಇದನ್ನು ಬೆಳೆದು ಜೀವನ ಸಾಗಿಸುವವರಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕ್ ಕುಟುಂಬಗಳು ಬಹಳ. ಕ್ರೈಸ್ತರ ಅಂಗಳದ ಹೂ ಹಿಂದೂಗಳ ದೇವರ ಮುಡಿಗೇರುವ ಈ ವ್ಯವಹಾರವನ್ನು ಅಲ್ಲಿ ಯಾರೂ ದೊಡ್ಡ ಸಂಗತಿಯೆಂದು ಎಣಿಸುವುದಿಲ್ಲ. ಅದೇ ಅದರ ದೊಡ್ಡತನ.

ಮಲ್ಲಿಗೆ ಬಹು ಕಠಿಣಳಾದ ಯಜಮಾನಿ. ಮುಂಜಾನೆಯೇ ಮೊಗ್ಗು ಕೊಯ್ಯಬೇಕು. ಬಾಳೆಯ ನಾರಿನಲ್ಲಿ ಒಂದೊಂದಾಗಿ ಪೋಣಿಸಿ ಕಟ್ಟಬೇಕು. ಹೊತ್ತೇರುವ ಮುನ್ನ ಕಟ್ಟೆಗೆ ತಲುಪಿಸಬೇಕು. ತಡವಾದರೆ ಮೊಗ್ಗು ಅರಳೀತು, ಅರಳಿದರೆ ಬೆಲೆ ಇಳಿದೀತು. ಇದರ ಲೆಕ್ಕವೂ ವಿಚಿತ್ರವಾದುದು. 800 ಹೂಗಳಿಗೆ ಒಂದು ಚೆಂಡು. ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಎಂದರೆ ಒಂದು ಅಟ್ಟೆ ಹೂವಿಗೆ 3,200 ಸಲ ಬೆರಳು ಆಡಬೇಕು. ಅಟ್ಟೆಯ ದರವಾದರೋ ದಿನದಿನಕ್ಕೂ ಬೇರೆ. ಶುಭಕಾರ್ಯಗಳ ದಿನಗಳಲ್ಲಿ ಆಕಾಶಕ್ಕೇರಿ, ಉಳಿದ ದಿನಗಳಲ್ಲಿ ನೆಲಕ್ಕಿಳಿಯುತ್ತದೆ.

ಇಂತಹ ಮನೆಯ ಗೃಹಿಣಿಗೆ ಬೆಳಗಿನಲ್ಲಿ ಬಿಡುವೆಲ್ಲಿ? ಮಕ್ಕಳ ಶಾಲೆ, ಅಡುಗೆ, ಹಸು, ಇವುಗಳ ನಡುವೆ ಕಾಯದ ಮಲ್ಲಿಗೆ. ಆದರೂ ಈ ಮನೆಗಳಲ್ಲಿ ತಲೆಮಾರುಗಳಿಂದ ಪ್ರಾರ್ಥನೆ ನಡೆದುಬಂದಿದೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ನೋಡಿದರೆ ಪಟ್ಟಣವಾಸಿಗಳಾದ ನಮಗೂ ಒಂದು ದಾರಿ ಕಂಡೀತು.

ಗಂಟೆಯೂ ಸಂಜೆಯೂ

ಮೊದಲನೆಯ ಉಪಾಯ ಗಂಟೆ. ಇಗರ್ಜಿಯ ಗಂಟೆ ದಿನಕ್ಕೆ ಮೂರು ಸಲ, ಬೆಳಿಗ್ಗೆ, ನಡುಹಗಲು ಮತ್ತು ಸಂಜೆ, ಬಾರಿಸುವುದುಂಟು. ಕನ್ನಡದಲ್ಲಿ ಇದನ್ನು ತ್ರಿಕಾಲ ಪ್ರಾರ್ಥನೆ ಎನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿಯಲ್ಲಿ ಇದು ಆಮೊರಿ. ದೇವದೂತನು ಮರಿಯಳಿಗೆ ಯೇಸುವಿನ ಜನನದ ಸುದ್ದಿಯನ್ನು ತಂದುದರ ಸ್ಮರಣೆ ಇದರ ತಿರುಳು. ಮುಗಿಯಲು ಎರಡು ಮೂರು ನಿಮಿಷಗಳು ಸಾಕು. ಫ್ರಾನ್ಸಿನ ಚಿತ್ರಕಾರ ಮಿಲೆ 1857 ರಿಂದ 1859 ರ ಅವಧಿಯಲ್ಲಿ ಬರೆದ ಜಗತ್ಪ್ರಸಿದ್ಧ ಚಿತ್ರವೊಂದು ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಆಲೂಗಡ್ಡೆಯ ಹೊಲದಲ್ಲಿ ಗಂಡು ಹೆಣ್ಣು ಇಬ್ಬರು ತಲೆ ಬಾಗಿ ನಿಂತಿದ್ದಾರೆ. ದೂರದಲ್ಲಿ ಇಗರ್ಜಿಯ ಗೋಪುರ ಕಾಣುತ್ತದೆ. ಬುಟ್ಟಿ ನೆಲದಲ್ಲೇ ಇದೆ, ಕವೆಗೋಲು ಮಣ್ಣಿನಲ್ಲೇ ನಾಟಿದೆ. ಅವರು ಕೆಲಸವನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ; ನಿಂತಲ್ಲೇ ಎರಡು ಗಳಿಗೆ ನಿಂತರು, ಅಷ್ಟೆ.

ಎರಡನೆಯದು ಸಂಜೆಯ ಜಪಸರ. ಕೊಂಕಣಿಯಲ್ಲಿ ಇದನ್ನು ತೇರ್ಸ್ ಎನ್ನುತ್ತಾರೆ. ಪೋರ್ಚುಗೀಸ್ ನುಡಿಯಿಂದ ಬಂದ ಈ ಪದಕ್ಕೆ ಮೂರನೆಯ ಒಂದು ಪಾಲು ಎಂದರ್ಥ. ಹಿಂದಿನ ಪೂರ್ಣ ಜಪಸರದಲ್ಲಿ ಹತ್ತು ಹತ್ತರಂತೆ ಹದಿನೈದು ಕಟ್ಟುಗಳು. ಒಟ್ಟು 150 ನಮೋ ಮರಿಯಾ. ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳನ್ನು ಓದಲಾರದ ಜನಸಾಮಾನ್ಯರಿಗೆ ಮಣಿ ಎಣಿಸುವ ಈ ಜಪವೇ ಕೀರ್ತನೆಯಾಯಿತು. ದುಡಿಯುವವರಿಗೆ ಅದೂ ಭಾರವಾದಾಗ ಐದು ಕಟ್ಟುಗಳ ಒಂದು ಪಾಲು ದಿನದ ರೂಢಿಯಾಯಿತು. ಎಂದರೆ ‘ಪೂರ್ಣವಾಗಿ ಸಾಧ್ಯವಿಲ್ಲದಿದ್ದರೆ ಸಾಧ್ಯವಾದಷ್ಟು’ ಎಂಬ ರಿಯಾಯಿತಿ ಆ ಹೆಸರಿನಲ್ಲೇ ಅಡಗಿದೆ! 2002 ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಬೆಳಕಿನ ರಹಸ್ಯಗಳೆಂಬ ಮತ್ತೈದು ಧ್ಯಾನಗಳನ್ನು ಕೂಡಿಸಿದರು. ಆದರೆ ಮನೆಯ ದಿನನಿತ್ಯದ ಜಪ ಇಂದಿಗೂ ಐದೇ ಕಟ್ಟುಗಳದು. ಸುಮಾರು ಇಪ್ಪತ್ತು ನಿಮಿಷಗಳ ಕೆಲಸ.

ಬೆಳಗ್ಗೆ ನಾರಿನಲ್ಲಿ ಹೂ ಎಣಿಸಿದ ಬೆರಳೇ ಸಂಜೆ ಮಣಿ ಎಣಿಸುತ್ತದೆ. ಜಪ ಮುಗಿದೊಡನೆ ಮಕ್ಕಳು ಕೈಮುಗಿದು ಹಿರಿಯರಿಂದ ‘ಬೆಸಾಂವ್’ ಅಥವಾ ಆಶೀರ್ವಾದವನ್ನು ಬೇಡುವರು. ಹಗಲಿನಲ್ಲಿ ಗದರಿದ ತಂದೆ, ಮುನಿದ ಮಗ ಇಬ್ಬರೂ ಆ ಗಳಿಗೆಯಲ್ಲಿ ಎದುರಾಗಲೇಬೇಕು. ಮುನಿಸು ಮರುದಿನಕ್ಕೆ ದಾಟದಂತೆ ಕಟ್ಟಿದ ಕಟ್ಟೆ ಇದು.

ದಿನಕ್ಕೊಂದು ವಾಕ್ಯ

ಪ್ರೊಟೆಸ್ಟೆಂಟ್ ಕುಟುಂಬಗಳ ದಾರಿ ಬೇರೆ. 1834 ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ನಾಡಿನ ಭಕ್ತಿಪಂಥದ ಹಿನ್ನೆಲೆಯುಳ್ಳವರು. ಮನೆಮಂದಿಯೆಲ್ಲ ಕುಳಿತು ವೇದವಾಕ್ಯವನ್ನು ಓದಿ ಹಾಡುವುದಕ್ಕೆ ಆ ಪಂಥದಲ್ಲಿ ಬಲು ಬೆಲೆ. ಅದೇ ಭಕ್ತಿಪಂಥಕ್ಕೆ ಸೇರಿದ ಹೆರ್ನ್‌ಹೂಟ್ ಎಂಬ ಊರಿನಲ್ಲಿ 1728 ರಲ್ಲಿ ಒಂದು ಪದ್ಧತಿ ಆರಂಭವಾಯಿತು: ದಿನಕ್ಕೊಂದು ವೇದವಾಕ್ಯವನ್ನು ಊರಿನ ಮನೆಮನೆಗೆ ತಲುಪಿಸುವುದು. 1731 ರಿಂದ ಅದು ಪುಸ್ತಕವಾಗಿ ವರ್ಷವರ್ಷವೂ ಅಚ್ಚಾಗುತ್ತ ಬಂದು, ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಓದುಗರನ್ನು ಪಡೆದಿದೆ. ಒಂದು ವಾಕ್ಯವನ್ನು ಓದುವುದಕ್ಕೆ ಅರ್ಧ ನಿಮಿಷ ಬೇಕು. ದಿನವಿಡೀ ಮೆಲುಕು ಹಾಕುವುದಕ್ಕೆ ಪ್ರತ್ಯೇಕ ಸಮಯ ಬೇಡ.

ಬಿಡುವಿಲ್ಲದವರಿಗೆ ಹಿರಿಯರು ಕೊಟ್ಟ ಸಲಹೆಗಳು ಹಳೆಯವು. ಮಾರ್ಟಿನ್ ಲೂಥರನ ಕ್ಷೌರಿಕ, ಪೇಟರ್ ಎಂಬಾತ, ಪ್ರಾರ್ಥಿಸುವುದು ಹೇಗೆಂದು ಕೇಳಿದಾಗ ಲೂಥರನು 1535 ರಲ್ಲಿ ಅವನಿಗಾಗಿ ಒಂದು ಕಿರುಪುಸ್ತಕವನ್ನೇ ಬರೆದುಕೊಟ್ಟನು. ಒಳ್ಳೆಯ ಕ್ಷೌರಿಕನ ಮನಸ್ಸು ಕತ್ತಿಯ ಅಲಗಿನ ಮೇಲೆ ನೆಟ್ಟಿರುವಂತೆ ಪ್ರಾರ್ಥಿಸುವವನ ಮನಸ್ಸು ಪ್ರಾರ್ಥನೆಯಲ್ಲಿ ನೆಟ್ಟಿರಬೇಕೆಂಬುದು ಅದರಲ್ಲಿನ ಹೋಲಿಕೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವಸನ್ನಿಧಿಯನ್ನು ನೆನೆಯುವುದೇ ತನ್ನ ಸಾಧನೆಯೆಂದು ಬಾಳಿದನು. ಇನ್ನೂ ಹಿಂದಕ್ಕೆ ಹೋದರೆ, ಐದನೆಯ ಶತಮಾನದ ಆದಿಯಲ್ಲಿ ಸಂತ ಅಗಸ್ಟೀನನು ಪ್ರೋಬಾ ಎಂಬ ರೋಮಿನ ವಿಧವೆಗೆ ಬರೆದ ಪತ್ರದಲ್ಲಿ ಈಜಿಪ್ಟಿನ ಸನ್ಯಾಸಿಗಳ ಪ್ರಸ್ತಾಪವಿದೆ. ಅವರ ಪ್ರಾರ್ಥನೆಗಳು ಬಾಣ ಬಿಟ್ಟಂತೆ ಅತಿ ಚಿಕ್ಕವು, ಆದರೆ ಮೇಲಿಂದ ಮೇಲೆ ಬರುವಂಥವು. ದೀರ್ಘ ಪ್ರಾರ್ಥನೆಯಲ್ಲಿ ಮನಸ್ಸು ಮಂಕಾಗುವುದನ್ನು ಅವರು ಅರಿತಿದ್ದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಗೆ, ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತ ಗುಮಾಸ್ತನಿಗೆ ಇದಕ್ಕಿಂತ ಒಪ್ಪುವ ಪಾಠ ಯಾವುದು? ಕಾಯಕವನ್ನು ಕೈಲಾಸಕ್ಕೆ ಸಮವೆಂದು ಕಂಡ ಶರಣರ ನಾಡಿನವರಿಗೆ ಈ ಮಾತು ಹೊಸದೂ ಅಲ್ಲ.

ಬಿಡುವು ಸಿಕ್ಕಾಗ ಏನಾಯಿತು?

ಬಿಡುವು ಸಿಕ್ಕಿದರೆ ಭಕ್ತಿ ತಾನಾಗಿ ಬರುವುದೆಂದು ನಂಬುವವರು 2020 ನೆಯ ಇಸವಿಯನ್ನು ನೆನೆಯಬೇಕು. ಆ ಮಾರ್ಚಿ ತಿಂಗಳಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇಗರ್ಜಿಗಳೂ ಮುಚ್ಚಿದವು, ಮಲ್ಲಿಗೆಯ ವ್ಯಾಪಾರವೂ ನಿಂತಿತು. ಗಿಡಗಳು ಮಾತ್ರ ಹೂ ಬಿಡುತ್ತಲೇ ಇದ್ದವು. ಕೈಯಲ್ಲಿ ಕಾಸಿಲ್ಲ, ಹೊತ್ತು ಬೇಕಾದಷ್ಟು! ಸಂಜೆಯ ಜಪದ ರೂಢಿಯಿದ್ದ ಮನೆಗೆ ಇಗರ್ಜಿ ಮುಚ್ಚಿದರೂ ದೇವರ ಪೀಠದ ದೀಪ ಉಳಿದಿತ್ತು. ರೂಢಿಯಿಲ್ಲದವರಿಗೆ ಆ ದೀರ್ಘವಾದ ಬಿಡುವೂ ಪ್ರಾರ್ಥನೆಯನ್ನು ಕಲಿಸಿತೆಂದು ಹೇಳಲಾಗದು. ಹೊತ್ತು ಒದಗುವುದು ಬೇರೆ, ಹೊತ್ತನ್ನು ಕಾದಿಡುವುದು ಬೇರೆ.

ಇಂದಿನ ಕಷ್ಟ ಮತ್ತೊಂದು ಬಗೆಯದು. ಮಕ್ಕಳು ಮಂಗಳೂರು, ಮುಂಬಯಿ, ಕೊಲ್ಲಿಯ ದೇಶಗಳೆಂದು ಚದುರಿದ್ದಾರೆ. ಕೆಲವು ಮನೆಗಳಲ್ಲಿ ತಾಯಿಯೊಬ್ಬಳೇ ಮಣಿ ಎಣಿಸುತ್ತಾಳೆ. ಮುನ್ನುಡಿಯುವವಳೂ ಅವಳೇ, ಓಗೊಡುವವಳೂ ಅವಳೇ. ಒಬ್ಬರು ಅರ್ಧ ನುಡಿದರೆ ಉಳಿದವರು ಮಿಕ್ಕ ಅರ್ಧವನ್ನು ತುಂಬಿಕೊಡುವಂತೆ ರಚಿತವಾದ ಜಪವದು. ಆ ಮಿಕ್ಕ ಅರ್ಧಕ್ಕೆ ದನಿಯಿಲ್ಲದ ಮನೆಯ ಮೌನ ಎಷ್ಟು ಭಾರವೆಂಬುದನ್ನು ದೂರದ ಮಕ್ಕಳು ಅರಿಯಬೇಕು. ಮೊಬೈಲ್ ಫೋನಿನಲ್ಲಿ ಮುಖ ನೋಡುತ್ತ ಒಂದೇ ಒಂದು ಕಟ್ಟನ್ನಾದರೂ ಜೊತೆಗೆ ಹೇಳಿದರೆ ನಷ್ಟವೇನು? ಹೊತ್ತು ಕಬಳಿಸುವ ಯಂತ್ರವೆಂದು ನಾವು ಬಯ್ಯುವ ಆ ಸಾಧನವೇ ಐದು ನಿಮಿಷ ಮನೆಯವರನ್ನು ಕೂಡಿಸೀತು.

ಕಾರ್ಕಳದ ಅತ್ತೂರಿನಲ್ಲಿ ಜನವರಿ ತಿಂಗಳಿನಲ್ಲಿ ಸಂತ ಲಾರೆನ್ಸರ ಮಹೋತ್ಸವಕ್ಕೆ ಎಲ್ಲ ಮತದ ಜನರೂ ಸಾಗರದಂತೆ ಸೇರುತ್ತಾರೆ. ಆ ಹಬ್ಬಕ್ಕೆ ರಜೆ ಹಾಕಿ ಬರುವವರು ಅನೇಕರು. ವರ್ಷದ ಹಬ್ಬ ನಮ್ಮನ್ನು ತಾನಾಗಿ ಕರೆದೊಯ್ಯುತ್ತದೆ; ದಿನದ ಪ್ರಾರ್ಥನೆಯನ್ನು ನಾವೇ ಕರೆತರಬೇಕು.

ಕರೆತರುವ ಬಗೆ ಹೇಗೆ? ಸುಮ್ಮನಿರುವ ಕೆಲಸವನ್ನು ದೂರು ಹೇಳುವ ಕೆಲಸದ ಸೆರಗಿಗೆ ಕಟ್ಟಿಬಿಡುವುದು. ಬೆಳಗಿನ ಕಾಫಿ ತಪ್ಪುವುದಿಲ್ಲವಷ್ಟೆ? ಅದರ ಮುನ್ನ ಒಂದು ವಾಕ್ಯ. ಕಚೇರಿಯ ಊಟದ ಡಬ್ಬಿ ತೆರೆಯದೆ ಇರುವುದಿಲ್ಲವಷ್ಟೆ? ಅದರ ಮುನ್ನ ಎರಡು ನಿಮಿಷದ ಮೌನ. ರಾತ್ರಿಯ ಊಟ ಬಡಿಸುವ ಮುನ್ನ, ಮನೆಯಲ್ಲಿ ಎಷ್ಟು ಮಂದಿ ಇರುವರೋ ಅಷ್ಟು ಮಂದಿ, ಐದು ಕಟ್ಟು ಆಗದಿದ್ದರೆ ಒಂದು ಕಟ್ಟು. ಮಕ್ಕಳು ತೂಕಡಿಸಿದರೆ ತೂಕಡಿಸಲಿ. ತಾಯಿಯ ದನಿ ಕೇಳುತ್ತ ತೂಕಡಿಸುವ ಭಾಗ್ಯ ಎಲ್ಲರಿಗೂ ದೊರೆಯುವಂಥದಲ್ಲ. ಶಂಕರಪುರದ ತಾಯಂದಿರು 3,200 ಹೂಗಳನ್ನು ಕಟ್ಟುವುದು ಒಂದೊಂದಾಗಿಯೇ. ಹೊತ್ತನ್ನೂ ಹಾಗೆಯೇ ಕಟ್ಟಬೇಕು.