ಗಣಕ ಮುದ್ರಣದಲ್ಲಿ ಗ್ರಂಥಸೂಚಿ: ಶೈಲಿ ಕಡತದ ರಚನೆ ಮತ್ತು ವಿತರಣೆ

ವಿದ್ವತ್ ಪ್ರಬಂಧದ ಕೊನೆಯಲ್ಲಿ ಬರುವ ಗ್ರಂಥಸೂಚಿಯನ್ನು ಕೇವಲ ಔಪಚಾರಿಕ ಅನುಬಂಧವೆಂದು ಭಾವಿಸುವವರುಂಟು. ಆದರೆ ಲೇಖಕನು ಆಡಿದ ಮಾತಿನ ಮೂಲವನ್ನು ಹುಡುಕಿ ಪರಿಶೀಲಿಸಲು ಓದುಗನಿಗೆ ಅದೇ ದಾರಿ. ಮುಂಬಯಿ, ಮದರಾಸು ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ಸಂಶೋಧನೆ ನಡೆಸುವವರು ಎಷ್ಟೋ ವೇಳೆ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಅವರ ಓದುಗರಿಗೆ ಕನ್ನಡ ಲೇಖಕರ ಪರಿಚಯವಿರುವುದು ವಿರಳ. ಅಂತಹ ಪ್ರಬಂಧದ ಸೂಚಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರು ‘ಎಂ. ವಿ. ಅಯ್ಯಂಗಾರ್’ ಎಂದು ಅಚ್ಚಾದರೆ, ‘ಮಾಸ್ತಿ’ ಎಂಬ ಹೆಸರನ್ನು ಹಿಡಿದು ಹುಡುಕುವವನಿಗೆ ಅವರ ಕೃತಿ ದೊರೆಯುವುದೇ ಇಲ್ಲ. ಈ ತಪ್ಪು ಲೇಖಕನದಲ್ಲ, ಗಣಕಯಂತ್ರಕ್ಕೆ ನೀಡಲಾದ ಶೈಲಿ ಕಡತದ್ದು. ಇದನ್ನು ಸರಿಪಡಿಸುವ ಉಪಾಯ ಕಠಿಣವಾದುದಲ್ಲ.

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥವೊಂದರ ಕರಡಚ್ಚಿನ ಗುಣಮಟ್ಟದಿಂದ ಬೇಸತ್ತು 1977ರಲ್ಲಿ ‘ಟೆಕ್’ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆಯನ್ನು ರೂಪಿಸತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದ ಆರಂಭದಲ್ಲಿ ‘ಲೇಟೆಕ್’ ಅನ್ನು ಕಟ್ಟಿದರು. ಗ್ರಂಥಸೂಚಿಯ ಕೆಲಸಕ್ಕಾಗಿಯೇ ಓರೆನ್ ಪಟಾಶ್ನಿಕ್ ಅವರು 1985ರಲ್ಲಿ ‘ಬಿಬ್‌ಟೆಕ್’ ಎಂಬ ತಂತ್ರಾಂಶವನ್ನು ರಚಿಸಿದರು. ಇದರ ಮೂಲತತ್ತ್ವ ಸರಳವಾದುದು. ಪುಸ್ತಕದ ವಿವರಗಳು ಒಂದು ಕಡತದಲ್ಲಿ ಇರುತ್ತವೆ. ಅವುಗಳನ್ನು ಹೇಗೆ ಅಚ್ಚಿಸಬೇಕೆಂಬ ನಿಯಮಗಳು ಇನ್ನೊಂದು ಕಡತದಲ್ಲಿ ಇರುತ್ತವೆ. ಈ ಎರಡನೆಯದೇ ಶೈಲಿ ಕಡತ. ಪ್ರಬಂಧದಲ್ಲಿ ಲೇಖಕನು ಪುಸ್ತಕದ ಸಂಕೇತನಾಮವನ್ನು ಮಾತ್ರ ಬರೆಯುತ್ತಾನೆ. ಬಿಬ್‌ಟೆಕ್ ಉಲ್ಲೇಖಿತ ಗ್ರಂಥಗಳ ವಿವರಗಳನ್ನು ಆಯ್ದು, ಶೈಲಿಯ ಪ್ರಕಾರ ಜೋಡಿಸಿ, ಸಿದ್ಧವಾದ ಸೂಚಿಯನ್ನು ಲೇಟೆಕ್‌ಗೆ ಒಪ್ಪಿಸುತ್ತದೆ. ಬೇರೊಂದು ಪತ್ರಿಕೆಗೆ ಅದೇ ಪ್ರಬಂಧವನ್ನು ಕಳುಹಿಸಬೇಕಾದಾಗ ಶೈಲಿಯ ಹೆಸರನ್ನು ಬದಲಾಯಿಸಿದರೆ ಸಾಕು. ಸೂಚಿಯನ್ನು ಮರಳಿ ಟೈಪ್ ಮಾಡುವ ಶ್ರಮವಿಲ್ಲ.

ಬಿಬ್‌ಟೆಕ್‌ನೊಂದಿಗೆ ನಾಲ್ಕು ಮೂಲ ಶೈಲಿಗಳು ಬರುತ್ತವೆ. ‘ಪ್ಲೇನ್’ ಲೇಖಕರ ಹೆಸರಿನ ಅಕಾರಾದಿಯಲ್ಲಿ ಸೂಚಿಯನ್ನು ಜೋಡಿಸುತ್ತದೆ, ‘ಅನ್‌ಸಾರ್ಟ್’ ಉಲ್ಲೇಖದ ಅನುಕ್ರಮದಲ್ಲಿ. ‘ಆಲ್ಫಾ’ ಶೈಲಿಯು ಹೆಸರು ಮತ್ತು ವರ್ಷದಿಂದ ಗುರುತುಪಟ್ಟಿಯನ್ನು ರೂಪಿಸುತ್ತದೆ. ‘ಅಬ್ರವ್’ ಎಂಬುದು ಹೆಸರುಗಳನ್ನು ಹ್ರಸ್ವಗೊಳಿಸುತ್ತದೆ. ಮೇಲೆ ಹೇಳಿದ ಮಾಸ್ತಿಯವರ ಪ್ರಕರಣ ಇದರದೇ ಫಲ.

ಇಲ್ಲಿಯ ತೊಡಕನ್ನು ತುಸು ವಿವರವಾಗಿ ನೋಡಬೇಕು. ಬಿಬ್‌ಟೆಕ್ ಯಾವುದೇ ಹೆಸರನ್ನು ಪೂರ್ವನಾಮ, ‘ವಾನ್’ ಮುಂತಾದ ಉಪಪದ, ಕುಲನಾಮ, ‘ಜೂನಿಯರ್’ ಮುಂತಾದ ಉತ್ತರಪದ ಎಂದು ನಾಲ್ಕು ಭಾಗಗಳಾಗಿ ಒಡೆಯುತ್ತದೆ. ಅಲ್ಪವಿರಾಮವಿಲ್ಲದೆ ಬರೆದ ಹೆಸರಿನಲ್ಲಿ ಸಾಮಾನ್ಯವಾಗಿ ಕೊನೆಯ ಪದವೇ ಕುಲನಾಮವೆಂದು ಅದು ತಿಳಿಯುತ್ತದೆ. ಇದು ಯೂರೋಪಿನ ಪದ್ಧತಿ. ನಮ್ಮಲ್ಲಾದರೋ ಡಿ. ವಿ. ಗುಂಡಪ್ಪ ಎಂಬಲ್ಲಿ ‘ಡಿ’ ಎಂದರೆ ದೇವನಹಳ್ಳಿ, ‘ವಿ’ ಎಂದರೆ ತಂದೆಯ ಹೆಸರು. ಗುಂಡಪ್ಪ ಎಂಬುದು ಅವರ ಸ್ವಂತ ಹೆಸರು. ಯಂತ್ರವು ಅದನ್ನು ಕುಲನಾಮವೆಂದು ತಪ್ಪಾಗಿ ಭಾವಿಸಿದರೂ ಜೋಡಣೆ ಆಕಸ್ಮಿಕವಾಗಿ ಸರಿಯಾಗಿಯೇ ಬರುತ್ತದೆ. ಅನಂತಮೂರ್ತಿಯವರ ವಿಷಯದಲ್ಲಿ ಈ ಅದೃಷ್ಟವಿಲ್ಲ. ಇಂಗ್ಲಿಷಿನಲ್ಲಿ ಅವರ ಹೆಸರನ್ನು ‘ಅನಂತ ಮೂರ್ತಿ’ ಎಂದು ಎರಡು ಪದಗಳಾಗಿ ಬರೆಯುವ ರೂಢಿಯೂ ಇರುವುದರಿಂದ ಅವರು ‘ಮೂರ್ತಿ’ಯ ಅಡಿಯಲ್ಲಿ ಸೇರಿಬಿಡುತ್ತಾರೆ. ಗಣಕಯಂತ್ರ ಬರುವ ಬಹುಕಾಲ ಮೊದಲೇ, 1934ರಲ್ಲಿ ಪ್ರಕಟವಾದ ತಮ್ಮ ವರ್ಗೀಕೃತ ಸೂಚೀಸಂಹಿತೆಯಲ್ಲಿ ಎಸ್. ಆರ್. ರಂಗನಾಥನ್ ಅವರು ಭಾರತೀಯ ಹೆಸರುಗಳ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ತಂತ್ರಾಂಶವನ್ನು ರೂಪಿಸಿದವರಿಗೆ ನಮ್ಮ ಪದ್ಧತಿ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ; ಅದಕ್ಕಾಗಿ ಅವರನ್ನು ದೂರಿ ಫಲವಿಲ್ಲ.

ಪರಿಹಾರ ಎರಡು ಕಡೆ ಇದೆ. ವಿವರಗಳ ಕಡತದಲ್ಲಿ ‘ಅನಂತ ಮೂರ್ತಿ’ ಎಂಬ ಎರಡೂ ಪದಗಳನ್ನು ಗಣಿತದಲ್ಲಿ ಬಳಸುವ ಪುಷ್ಪಾವರಣದೊಳಗೆ ಇರಿಸಿದರೆ ಬಿಬ್‌ಟೆಕ್ ಅವನ್ನು ಒಂದೇ ಪದವಾಗಿ ಗ್ರಹಿಸುತ್ತದೆ. ಮಾಸ್ತಿಯವರ ಇಡೀ ಹೆಸರನ್ನು ಆವರಣದೊಳಗೆ ಇರಿಸಿದರೆ ಅದು ಪೂರ್ಣವಾಗಿ ಅಚ್ಚಾಗುವುದಲ್ಲದೆ ‘ಮಾಸ್ತಿ’ ಎಂಬಲ್ಲಿಯೇ ದೊರೆಯುತ್ತದೆ. ಶೈಲಿ ಕಡತದಲ್ಲಿಯಾದರೆ, ಹೆಸರಿನ ರೂಪವನ್ನು ನಿರ್ದೇಶಿಸುವ ಸಾಲಿನಲ್ಲಿ ಒಂದೇ ‘ಎಫ್’ ಅಕ್ಷರವಿದ್ದರೆ ಪೂರ್ವನಾಮದ ಮೊದಲಕ್ಷರಗಳು ಮಾತ್ರ ಬರುತ್ತವೆ, ಎರಡಿದ್ದರೆ ಪೂರ್ಣ ಹೆಸರು ಬರುತ್ತದೆ. ಒಂದಕ್ಷರ ಸೇರಿಸಿದುದರಿಂದ ‘ಎಂ.’ ಹೋಗಿ ‘ಮಾಸ್ತಿ’ ಮರಳಿ ಬರುತ್ತದೆ!

ಶೈಲಿ ಕಡತದ ಭಾಷೆಯಲ್ಲಿ ಮೊದಲು ವಸ್ತುಗಳನ್ನು ಹೇಳಿ ಕೊನೆಯಲ್ಲಿ ಕ್ರಿಯೆಯನ್ನು ಹೇಳಬೇಕು: ಶೀರ್ಷಿಕೆ, ಅಲ್ಪವಿರಾಮ, ಕೂಡಿಸು, ಬರೆ. ಇಂಗ್ಲಿಷ್ ಬಲ್ಲವರು ಇದನ್ನು ತಲೆಕೆಳಗೆಂದು ಹೇಳುವುದುಂಟು. ವಾಕ್ಯದ ಕೊನೆಗೆ ಕ್ರಿಯಾಪದವಿಡುವ ಕನ್ನಡಿಗರಿಗೆ ಇದು ಸಹಜವಾಗಿಯೇ ತೋರಬೇಕು. ಹಾಗಿದ್ದರೂ ಇಡೀ ಶೈಲಿಯನ್ನು ಮೊದಲಿನಿಂದ ಬರೆಯುವ ಅಗತ್ಯವಿಲ್ಲ. ಪ್ಯಾಟ್ರಿಕ್ ಡಾಲಿ ಅವರ ‘ಕಸ್ಟಮ್-ಬಿಬ್’ ಸಂಪುಟದಲ್ಲಿರುವ ‘ಮೇಕ್‌ಬಿಎಸ್‌ಟಿ’ ಎಂಬ ಸಾಧನವು ಹೆಸರು ಹೇಗಿರಬೇಕು, ವರ್ಷ ಎಲ್ಲಿ ಬರಬೇಕು, ಶೀರ್ಷಿಕೆ ಓರೆ ಅಕ್ಷರದಲ್ಲಿರಬೇಕೇ ಎಂದು ಒಂದೊಂದಾಗಿ ಪ್ರಶ್ನಿಸುತ್ತದೆ. ಉತ್ತರಗಳನ್ನು ಒಂದು ಆದೇಶ ಕಡತದಲ್ಲಿ ದಾಖಲಿಸಿ, ಅದರಂತೆ ಬೃಹತ್ತಾದ ಮೂಲ ಕಡತದಿಂದ ಬೇಕಾದ ಭಾಗಗಳನ್ನು ಆಯ್ದು ಹೊಸ ಶೈಲಿಯನ್ನು ಸಿದ್ಧಪಡಿಸಲಾಗುತ್ತದೆ. ಆ ಆದೇಶ ಕಡತವನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕು. ತಿದ್ದುಪಡಿಗಳನ್ನು ಅದರಲ್ಲಿಯೇ ಮಾಡುವುದು ಲೇಸು. ಸಿದ್ಧ ಶೈಲಿಯನ್ನು ಕೈಯಿಂದ ತಿದ್ದಿದರೆ ಮುಂದಿನ ಬಾರಿ ಅದನ್ನು ಉತ್ಪಾದಿಸಿದಾಗ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ.

ಸೂಚಿಯೇ ಕನ್ನಡ ಲಿಪಿಯಲ್ಲಿರಬೇಕಾದರೆ ಹಳೆಯ ಬಿಬ್‌ಟೆಕ್ ಸಾಲದು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ಬಿಬ್‌ಟೆಕ್ ಒಂದು ಬೈಟನ್ನೇ ಒಂದು ಅಕ್ಷರವೆಂದು ಬಗೆಯುವುದರಿಂದ ಹ್ರಸ್ವಗೊಳಿಸಿದ ಹೆಸರು ಅರ್ಥಹೀನ ಚಿಹ್ನೆಯಾಗುತ್ತದೆ. ಅಕಾರಾದಿಯಲ್ಲಿಯೂ ತೊಡಕಿದೆ: ನಮ್ಮ ವರ್ಣಮಾಲೆಯ ಕೊನೆಯಲ್ಲಿ ಬರುವ ‘ಳ’ಕಾರಕ್ಕೆ ಯೂನಿಕೋಡ್ ಕೋಷ್ಟಕದಲ್ಲಿ ‘ಲ’ಕಾರದ ಪಕ್ಕದಲ್ಲಿಯೇ ಸ್ಥಾನ ಕೊಡಲಾಗಿದೆ. ಇಂತಹ ಪ್ರಬಂಧಗಳಿಗೆ ಯೂನಿಕೋಡ್ ಬಲ್ಲ ‘ಬೈಬರ್’ ಮತ್ತು ಅದರೊಡನೆ ಬಳಸುವ ‘ಬಿಬ್‌ಲೇಟೆಕ್’ ಹೆಚ್ಚು ಸೂಕ್ತ. ಆದರೂ ಅಕಾರಾದಿಯನ್ನು ಕಣ್ಣಾರೆ ಪರಿಶೀಲಿಸದೆ ಅಚ್ಚಿಗೆ ಕೊಡಬಾರದು.

ಸಿದ್ಧಪಡಿಸಿದ ಶೈಲಿಯನ್ನು ಇತರರಿಗೂ ಒದಗಿಸಬೇಕಾದರೆ ಕಡತವೊಂದನ್ನೇ ಕೊಟ್ಟರೆ ಸಾಲದು. ಅದರ ಉದ್ದೇಶ ಮತ್ತು ಮಿತಿಗಳನ್ನು ತಿಳಿಸುವ ‘ರೀಡ್‌ಮಿ’ ಪತ್ರ, ಬಳಕೆಯ ಕೈಪಿಡಿ, ಆವೃತ್ತಿಯ ದಿನಾಂಕ, ಬಳಕೆದಾರರಿಗೆ ಇರುವ ಹಕ್ಕುಗಳನ್ನು ಸೂಚಿಸುವ ಪರವಾನಗಿ ಜೊತೆಗಿರಬೇಕು. ಮಾದರಿ ಪುಸ್ತಕಪಟ್ಟಿಯಲ್ಲಿ ಸುಲಭವಾದ ಹೆಸರುಗಳನ್ನಷ್ಟೇ ಸೇರಿಸುವುದು ಸಾಮಾನ್ಯ ದೋಷ. ಮಾಸ್ತಿ, ಅನಂತಮೂರ್ತಿ, ಕುವೆಂಪು ಎಂಬಂತಹ ಏಕಪದ ಕಾವ್ಯನಾಮ, ಇಬ್ಬರು ಲೇಖಕರ ಕೃತಿ, ಪ್ರಕಟಣೆಯ ವರ್ಷವೇ ಇಲ್ಲದ ಹಳೆಯ ಪುಸ್ತಕ ಇವೆಲ್ಲ ಅದರಲ್ಲಿ ಇರಬೇಕು. ಮೂಲ ಶೈಲಿಯೊಂದನ್ನು ತಿದ್ದಿ ರಚಿಸಿದ್ದರೆ ಅದಕ್ಕೆ ಬೇರೆ ಹೆಸರಿಡುವುದು ಕಡ್ಡಾಯ. ‘ಪ್ಲೇನ್’ ಮೊದಲಾದವುಗಳನ್ನು ತಿದ್ದಿ ಹಂಚಲು ಅನುಮತಿಯಿರುವುದು ಈ ಷರತ್ತಿನ ಮೇಲೆಯೇ. ಹಾಗಿಲ್ಲದಿದ್ದರೆ ಒಂದೇ ಹೆಸರಿನ ಕಡತವು ಪುಣೆಯಲ್ಲಿ ಒಂದು ರೀತಿ, ದೆಹಲಿಯಲ್ಲಿ ಇನ್ನೊಂದು ರೀತಿ ಅಚ್ಚಾದೀತು.

ಹೀಗೆ ಕಟ್ಟಿದ ಸಂಪುಟವನ್ನು ‘ಸಿಟ್ಯಾನ್’ ಎಂಬ ಸಮಗ್ರ ಟೆಕ್ ಸಂಗ್ರಹಕ್ಕೆ ಅಂತರ್ಜಾಲದ ಮೂಲಕ ಸಲ್ಲಿಸಬಹುದು. ಆ ಹೆಸರು ಈಗಾಗಲೇ ಬಳಕೆಯಲ್ಲಿ ಇಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಸ್ವಯಂಸೇವಕರು ಅದನ್ನು ಪರಿಶೀಲಿಸಿ ಸಂಗ್ರಹಕ್ಕೆ ಸೇರಿಸುತ್ತಾರೆ. ಮುಕ್ತ ಪರವಾನಗಿಯಿದ್ದಲ್ಲಿ ‘ಟೆಕ್ ಲೈವ್’ ವಿತರಣೆಗೂ ಅದು ಸೇರಬಹುದು. ಒಂದೇ ಪ್ರಬಂಧಕ್ಕೆ ಮಾತ್ರ ಬೇಕಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಶೈಲಿ ಕಡತವನ್ನು ಪ್ರಬಂಧದ ಕಡತಗಳಿರುವ ಕೋಶದಲ್ಲಿಯೇ ಇರಿಸಿ, ಲೇಟೆಕ್ ಒಮ್ಮೆ, ಬಿಬ್‌ಟೆಕ್ ಒಮ್ಮೆ, ಪುನಃ ಲೇಟೆಕ್ ಎರಡು ಬಾರಿ ಚಲಾಯಿಸಿದರೆ ಸೂಚಿ ಸಿದ್ಧವಾಗುತ್ತದೆ.