ಕನ್ನಡಕದ ಮೇಲಣ ಕಾಣದ ಲೇಪ

ಗಾಜು ಪಾರದರ್ಶಕವೆಂಬುದು ಲೋಕರೂಢಿಯ ಮಾತು. ಸೂಕ್ಷ್ಮವಾಗಿ ವಿಚಾರಿಸಿದರೆ ಅದು ಪೂರ್ಣಸತ್ಯವಲ್ಲ. ಸಂಜೆ ದೀಪ ಹತ್ತಿಸಿದ ಕೋಣೆಯಲ್ಲಿ ನಿಂತು ಮುಚ್ಚಿದ ಕಿಟಕಿಯ ಗಾಜನ್ನು ನೋಡಿದವರಿಗೆ ಹೊರಗಿನ ತೋಟಕ್ಕಿಂತ ತಮ್ಮ ಮುಖವೇ ಚೆನ್ನಾಗಿ ಕಾಣುವುದು. ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಒಂದೊಂದು ಮೈಯಿಂದಲೂ ಹಿಂದಿರುಗುತ್ತದೆ. ಕನ್ನಡಕದ ಮಸೂರಕ್ಕೆ ಮೈಗಳು ಎರಡಾದುದರಿಂದ ನಷ್ಟವೂ ಸುಮಾರು 8 ಪಾಲು. ತೆಳುವಾಗಿರಲೆಂದು ಬಳಸುವ, ಬೆಳಕನ್ನು ಹೆಚ್ಚಾಗಿ ಬಾಗಿಸುವ ಪ್ಲಾಸ್ಟಿಕ್ ಮಸೂರಗಳಲ್ಲಿ ಇದು 12 ಪಾಲನ್ನು ಮುಟ್ಟುವುದೂ ಉಂಟು.

ಹೋದರೆ ಹೋಗಲಿ, ಉಳಿದುದು ಸಾಲದೆ ಎಂದು ವಾಚಕರು ಕೇಳಬಹುದು. ಹಿಂದಿರುಗಿದ ಬೆಳಕು ಸುಮ್ಮನೆ ಹೊರಟುಹೋಗಿದ್ದರೆ ಬಾಧಕವಿರುತ್ತಿರಲಿಲ್ಲ. ಬೆನ್ನ ಹಿಂದಿನ ದೀಪವು ಮಸೂರದ ಒಳಮೈಗೆ ತಗುಲಿ ನಮ್ಮ ಕಣ್ಣಿಗೇ ಬೀಳುವುದು. ಇರುಳಿನಲ್ಲಿ ಎದುರು ಬರುವ ಮೋಟಾರಿನ ದೀಪವು ಎರಡು ಮೈಗಳ ನಡುವೆ ಹೊರಳಿ, ನಿಜವಾದ ದೀಪದ ಪಕ್ಕದಲ್ಲಿ ಮಸುಕಾದ ಮತ್ತೊಂದನ್ನು ತೋರಿಸುವುದು. ಈ ತೊಂದರೆಯನ್ನು ನೀಗುವುದಕ್ಕಾಗಿಯೇ ಅಂಗಡಿಯವರು ಹೆಚ್ಚಿನ ಹಣಕ್ಕೆ ಕೊಡುವ ‘ಕೋಟಿಂಗ್’ ಎಂಬ ಲೇಪವಿರುವುದು. ಇದು ಬರಿಯ ಸುಲಿಗೆಯೆಂದು ಕೆಲವರೂ, ಸರ್ವರೋಗಕ್ಕೂ ಮದ್ದೆಂದು ಕೆಲವರೂ ತಿಳಿದಿದ್ದಾರೆ. ಎರಡೂ ತಪ್ಪೆಂದು ತೋರಿಸುವುದೇ ನಮ್ಮ ಉದ್ದೇಶ.

ಕಲ್ಯಾಣಿಯ ನೀರಿಗೆ ಎರಡು ಕಲ್ಲುಗಳನ್ನೆಸೆದರೆ ಎರಡು ಕಡೆಯಿಂದಲೂ ಅಲೆಗಳು ಹರಡುವುವು. ಒಂದರ ಏರು ಮತ್ತೊಂದರ ಇಳಿವನ್ನು ಕೂಡಿದೆಡೆ ನೀರು ಸಮನಾಗಿ ನಿಲ್ಲುವುದು. ಬೆಳಕೂ ತರಂಗವೇ. ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ದಪ್ಪದ ಲೇಪವೊಂದನ್ನು ಮಸೂರದ ಮೇಲೆ ಕೊಟ್ಟರೆ, ಲೇಪದ ಮೇಲ್ಮೈಯಿಂದ ಮರಳುವ ಅಲೆಗೂ, ಲೇಪವನ್ನು ಹೊಕ್ಕು ಮಸೂರದ ಮೈಯಿಂದ ಮರಳುವ ಅಲೆಗೂ ಅರ್ಧ ಅಲೆಯ ಅಂತರ ಬೀಳುವುದು. ಏರು ಇಳಿವನ್ನು ಕೂಡಿ ಎರಡೂ ಅಡಗುವುವು. ಹಾಗೆ ಅಡಗಿದ ಬೆಳಕು ನಾಶವಾಗದು. ಮಸೂರವನ್ನು ಹಾದು ಕಣ್ಣನ್ನೇ ಸೇರುವುದು. ಇಂತಹ ಒಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಒಂದೇ ಪದರ ಒಂದು ಬಣ್ಣಕ್ಕೆ ಮಾತ್ರ ಸರಿಹೊಂದುವುದರಿಂದ ಈಗ ಸಿಲಿಕಾ, ಟೈಟೇನಿಯಮ್ ಆಕ್ಸೈಡ್ ಮುಂತಾದವನ್ನು ಒಂದರ ಮೇಲೊಂದು ಪದರಗಳಾಗಿ ಕೊಡುತ್ತಾರೆ. ಒಳ್ಳೆಯ ಲೇಪವಿದ್ದರೆ ನೂರಕ್ಕೆ 99 ಪಾಲಿನವರೆಗೆ ಬೆಳಕು ಒಳಬರುವುದು. ಮಸೂರವನ್ನು ಓರೆಮಾಡಿದಾಗ ಕಾಣುವ ಎಳೆಹಸುರು ಛಾಯೆ ಅಳಿದುಳಿದ ಪ್ರತಿಫಲನವೇ ಹೊರತು ಬಣ್ಣ ಬಳಿದುದಲ್ಲ.

ಈ ವಿದ್ಯೆ ಹುಟ್ಟಿದುದು ಕಿಲುಬಿನಿಂದ. ಹಳೆಯದಾಗಿ ಮಾಸಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಬಿಡುವುದೆಂದು ಇಂಗ್ಲೆಂಡಿನ ಲಾರ್ಡ್ ರೇಲಿಯವರು 1886ರಲ್ಲಿ ಕಂಡರು. 1892ರಲ್ಲಿ ಡೆನ್ನಿಸ್ ಟೇಲರ್ ಎಂಬವರು ಮಾಸಿದ ಮಸೂರಗಳಲ್ಲಿಯೂ ಅದೇ ಗುಣವನ್ನು ಗುರುತಿಸಿದರು. 1935ರಲ್ಲಿ ಜರ್ಮನಿಯ ಜೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಕುಲ ಅವರು ನಿರ್ವಾತದಲ್ಲಿ ಲೇಪ ಕೊಡುವ ಕ್ರಮವನ್ನು ಕಂಡುಹಿಡಿದರು. 1938ರಲ್ಲಿ ಅಮೆರಿಕದ ಕ್ಯಾಥರೀನ್ ಬ್ಲಾಜೆಟ್ ಎಂಬ ವಿದುಷಿ ಸಾಬೂನಿನ ಜಾತಿಯ ವಸ್ತುವನ್ನು ಒಂದೊಂದು ಅಣುವಿನ ದಪ್ಪದ 44 ಪೊರೆಗಳಾಗಿ ಗಾಜಿನ ಮೇಲೇರಿಸಿ ಅದನ್ನು ಅಗೋಚರವಾಗಿಸಿದರು. ಆದರೆ ಆ ಪೊರೆ ಒರಸಿದರೆ ಹೋಗುತ್ತಿದ್ದುದರಿಂದ ನಿರ್ವಾತಕ್ರಮವೇ ನಿಂತಿತು.

ಈಗ ಕೆಲಸ ನಡೆಯುವುದು ಹೀಗೆ. ಪ್ಲಾಸ್ಟಿಕ್ ಮಸೂರಕ್ಕೆ ಮೊದಲು ಗೀರುಬೀಳದಂತೆ ಗಟ್ಟಿಲೇಪವಾಗಬೇಕು. ಬಳಿಕ ಕಿಂಚಿತ್ತೂ ಜಿಡ್ಡು ಧೂಳುಗಳಿಲ್ಲದಂತೆ ತೊಳೆದು ಒಣಗಿಸಿ, ಮಸೂರಗಳನ್ನು ಕೊಡೆಯಾಕಾರದ ಚೌಕಟ್ಟಿಗೆ ಸಿಕ್ಕಿಸಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಗಾಳಿಯನ್ನೆಲ್ಲ ಹೊರಗೆ ಸೆಳೆಯುವರು. ತಳದಲ್ಲಿರುವ ಲೇಪದ್ರವ್ಯವು ಎಲೆಕ್ಟ್ರಾನ್ ಕಿರಣದ ತಾಪದಿಂದ ಆವಿಯಾಗಿ ಮೇಲೆದ್ದು, ಸುತ್ತುತ್ತಿರುವ ಮಸೂರಗಳ ಮೇಲೆ ಸಮನಾಗಿ ಕೂಡುವುದು. ದಪ್ಪವನ್ನಳೆಯಲು ಅಲ್ಲಿಯೇ ಕಂಪಿಸುವ ಸ್ಫಟಿಕದ ಬಿಲ್ಲೆಯೊಂದಿದೆ. ಮೃದಂಗದ ಎಡಮುಖಕ್ಕೆ ರವೆಯ ಕಣಕ ಹಚ್ಚಿದಾಗ ಶ್ರುತಿ ಇಳಿಯುವಂತೆ, ಆವಿ ಕೂಡಿದಷ್ಟೂ ಬಿಲ್ಲೆಯ ಕಂಪನ ಇಳಿಯುವುದು. ಅದರಿಂದಲೇ ದಪ್ಪದ ಲೆಕ್ಕ. ಕಡೆಗೆ ನೀರು, ಜಿಡ್ಡು ಅಂಟದ ಪೊರೆಯೊಂದನ್ನು ಕೊಟ್ಟು, ಇನ್ನೊಂದು ಮೈಗೂ ಇದನ್ನೆಲ್ಲ ಮಾಡುವರು.

ಇಷ್ಟು ತೆಳುವಾದುದನ್ನು ಕಾಪಾಡುವ ಭಾರ ಧರಿಸುವವರದು. ಒಣಗಿದ ಮಸೂರವನ್ನು ಪಂಚೆಯ ಚುಂಗಿನಿಂದಲೋ ಸೀರೆಯ ಸೆರಗಿನಿಂದಲೋ ಉಜ್ಜಿದರೆ ಧೂಳಿನ ಕಣವೇ ಉಳಿಯಾಗುವುದು. ಮೊದಲು ತಣ್ಣೀರಿನಲ್ಲಿ ಧೂಳು ಕಳೆದು, ಮೃದುವಾದ ಸಾಬೂನಿನಿಂದ ತೊಳೆದು, ನುಣುಪಾದ ಶುಭ್ರವಸ್ತ್ರದಿಂದ ಒತ್ತಿ ಒರಸತಕ್ಕದ್ದು. ಬಿಸಿನೀರು, ಬಿಸಿಲಲ್ಲಿ ನಿಂತ ಕಾರು, ಒಲೆಯ ಝಳ ಇವು ಕೂಡದು. ತಾಪಕ್ಕೆ ಪ್ಲಾಸ್ಟಿಕ್ ಹಿಗ್ಗುವಷ್ಟು ಲೇಪ ಹಿಗ್ಗದೆ ಕೂದಲೆಳೆಯ ಬಿರುಕುಗಳೇಳುವುವು.

ಹಾಗಾದರೆ ಲೇಪ ಯಾರಿಗೆ ಬೇಕು? ಇರುಳಿನಲ್ಲಿ ವಾಹನ ನಡೆಸುವವರಿಗೆ, ಹೆಚ್ಚು ಬಾಗಿಸುವ ತೆಳು ಮಸೂರವನ್ನು ಧರಿಸುವವರಿಗೆ, ಹಗಲೆಲ್ಲ ದೀಪಗಳ ನಡುವೆ ಪರದೆ ನೋಡಿ ದುಡಿಯುವವರಿಗೆ ಹಣ ಸಾರ್ಥಕ. ಮನೆಯಲ್ಲಿ ಗಳಿಗೆಹೊತ್ತು ಪುರಾಣವೋದುವ ಹಿರಿಯರಿಗೆ ಅದಿಲ್ಲದೆಯೂ ನಡೆಯುವುದು. ನೀಲಿ ಬೆಳಕನ್ನು ತಡೆಯುವ ಮಸೂರವೆಂಬುದು ಬೇರೆಯ ಮಾತು; ಅದರಿಂದ ಕಂಪ್ಯೂಟರಿನ ಮುಂದಣ ಕಣ್ಣಿನ ಆಯಾಸ ಕಡಿಮೆಯಾಗುವುದೆಂಬುದಕ್ಕೆ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯಲ್ಲಿ ಆಧಾರ ದೊರೆಯಲಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ವಯಸ್ಸಾದವರಿಗೆ ದೀಪದ ಸುತ್ತ ಉಂಗುರ ಕಂಡರೆ, ಎದುರಿನ ಬೆಳಕಿಗೆ ಕಣ್ಣು ಕೋರೈಸಿದರೆ, ದೋಷ ಮಸೂರದ್ದೇ ಎಂದು ಭಾವಿಸಬಾರದು. ಕಣ್ಣಿನ ಪೊರೆಯಲ್ಲಿಯೂ, ಕಣ್ಣೊಳಗಿನ ಒತ್ತಡ ಏರಿದಾಗಲೂ ಹೀಗಾಗುವುದುಂಟು. ನೋವಿನೊಡನೆ ಉಂಗುರ ಕಂಡರೆ ಒಂದು ದಿನವೂ ತಡಮಾಡಲಾಗದು. ಹೋದ ದೃಷ್ಟಿ ಮರಳದೆ ಇರಬಹುದು. ಮನೆಯ ಯಜಮಾನರು ಮೊದಲು ಹಿರಿಯರನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯಲಿ; ಲೇಪದ ಮಾತು ಆಮೇಲಿನದು. ಲೇಪವು ಗಾಜಿನ ದೋಷವನ್ನು ಕಳೆಯಬಲ್ಲುದೇ ಹೊರತು ಕಣ್ಣಿನದನ್ನಲ್ಲ.